ಮಾಮಿಯ ಪಾಲಿನ ಓದು

ನಮ್ಮ ಮನೆಗೆ ಬಂದವರು ಮೊದಲು ಮೂಗಿಗೆ ಕೈ ಇಡುತ್ತಿದ್ದರು, ಆಮೇಲೆ ಸಲಾಂ ಹೇಳುತ್ತಿದ್ದರು. ಕಬಕದಲ್ಲಿ ವಿಟ್ಲದ ರಸ್ತೆಗೆ ತಾಗಿಕೊಂಡಿದ್ದ ಮನೆ ಅದು. ಈಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ. ಎದುರಿಗೆ ಗಂಡಸರು ಕೂರುವ ಚಾವಡಿ, ನಡುವೆ ಹೆಂಗಸರ ಕೋಣೆ, ಅದರ ಹಿಂದೆ ಅಡುಗೆಮನೆ, ಇನ್ನೂ ಹಿಂದೆ ಸಿಮೆಂಟ್ ಶೀಟಿನ ಉದ್ದನೆಯ ಶೆಡ್ಡು. ಶೆಡ್ಡಿನ ತುಂಬ ಒಣಮೀನಿನ ಗೋಣಿಗಳು. ಉಪ್ಪ, ಅಂದರೆ ನನ್ನ ಅಪ್ಪ, ಮಂಗಳೂರು ಬಂದರಿನ ದಕ್ಕೆಯಿಂದ ಲಾರಿಯಲ್ಲಿ ಮೀನು ತರಿಸಿ ಪುತ್ತೂರು, ಕಡಬ, ಸುಳ್ಯದ ಸಂತೆಗಳಿಗೆ ಕಳಿಸುತ್ತಿದ್ದರು. ಉಟ್ಟ ಬಟ್ಟೆ, ಮಲಗುವ ಚಾಪೆ, ಶಾಲೆಯ ಚೀಲ, ಎಲ್ಲದಕ್ಕೂ ಒಂದೇ ವಾಸನೆ. ತರಗತಿಯಲ್ಲಿ ನನ್ನ ಪಕ್ಕದ ಹುಡುಗಿ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದಳು. ಅವಳ ಮನೆಯಲ್ಲಿ ಗಂಜಿಗೆ ನಂಜಿಕೊಳ್ಳಲು ನಮ್ಮದೇ ಮೀನು ಬೇಕಿತ್ತು, ಮಾರುವವನ ಮಗಳು ಮಾತ್ರ ಬೇಡ. ಮದುವೆ ಮನೆಗಳಲ್ಲಿ ಉಪ್ಪನನ್ನು ‘ಒಣಮೀನು ಇಸ್ಮಾಯಿಲ್’ ಎಂದು ಕರೆದು, ಊಟದ ಕೊನೆಯ ಪಂಕ್ತಿಗೆ ಕೂರಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರು ನಕ್ಕು ಊಟ ಮಾಡಿ ಬರುತ್ತಿದ್ದರು, ಮನೆಗೆ ಬಂದು ಉಮ್ಮನ ಮೇಲೆ, ಅಂದರೆ ನನ್ನ ಅಮ್ಮನ ಮೇಲೆ, ಹಾರಾಡುತ್ತಿದ್ದರು. ಜನ ತನ್ನ ಬಗ್ಗೆ ಬೇರೆ ಏನಾದರೊಂದು ಹೇಳಬೇಕು ಎಂಬ ಹಟ ಅವರಿಗೆ. ಆ ಬೇರೆ ಏನಾದರೊಂದು ನಾನಾದೆ.

ಒಂಬತ್ತನೆಯ ವಯಸ್ಸಿಗೆ ನಾನು ಕುರ್‌ಆನ್ ಪೂರ್ತಿ ಓದಿ ಮುಗಿಸಿದೆ. ಹತ್ತರಲ್ಲಿ ಮದ್ರಸಗಳ ಓದುವ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದೆ. ಉಪ್ಪ ಅದಕ್ಕಾಗಿಯೇ ಚಾವಡಿಯಲ್ಲಿ ಗಾಜಿನ ಕಪಾಟು ಮಾಡಿಸಿ ಕಪ್ಪನ್ನು ಒಳಗಿಟ್ಟರು. ಮೀನಿನ ಬೆಲೆ ಕೇಳಲು ಬಂದವರಿಗೂ ನನ್ನ ಓದು ಕೇಳುವ ಶಿಕ್ಷೆ. ‘ಜೋಹರಾ, ಬಾ, ಸ್ವಲ್ಪ ಓದು’ ಎಂದರೆ ನಾನು ತಲೆಗೆ ಬಟ್ಟೆ ಎಳೆದುಕೊಂಡು ಹಾಜರು. ಸ್ವರ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಅಕ್ಷರ ಗಂಟಲಿನಿಂದ ಬರಬೇಕು, ಎಲ್ಲವೂ ನನಗೆ ಕರತಲಾಮಲಕ. ಬಂದವರು ‘ಮಾಷಾ ಅಲ್ಲಾಹ್’ ಎನ್ನುವಾಗ ನಾನು ನೆಲ ನೋಡುತ್ತ ನಿಲ್ಲುತ್ತಿದ್ದೆ. ನೆಲ ನೋಡುವುದನ್ನೂ ನಾನು ಅಭ್ಯಾಸ ಮಾಡಿಯೇ ಕಲಿತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಮನೆಯಲ್ಲಿ ಹಗಲೂ ರಾತ್ರಿಯೂ ಆ ಕೊಡೆ ಬಿಚ್ಚಿಯೇ ಇತ್ತು.

ಆ ಕೊಡೆಯ ಕೆಳಗೆ ಜಾಗ ಸಿಗದೆ ಉಳಿದವರು ಅವ್ವಮ್ಮ ಮಾಮಿ. ಉಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಹೋಗಿ ತವರಿಗೆ ಬಂದವರು ಮತ್ತೆ ಎಲ್ಲಿಗೂ ಹೋಗಲಿಲ್ಲ. ಬೆಳಗ್ಗಿನ ಗಂಜಿ ಆದೊಡನೆ ಶೆಡ್ಡಿಗೆ ನಡೆದು, ಗೋಣಿ ಸುರುವಿ ಮೀನು ಹೆಕ್ಕುತ್ತ ಕೂರುತ್ತಿದ್ದರು. ಹುಳ ಹಿಡಿದದ್ದು ಒಂದು ಕಡೆ, ಮುರಿದದ್ದು ಒಂದು ಕಡೆ, ಸಂತೆಗೆ ಹೋಗುವಂಥದ್ದು ಮತ್ತೊಂದು ಕಡೆ. ಉಪ್ಪಿನಿಂದ ಅವರ ಬೆರಳ ತುದಿಗಳು ಬಿಳಿಚಿ ಒಡೆದಿದ್ದವು. ಅವರಿಗೆ ಅರಬಿ ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಓದಲು ಬಾರದ ಹಿಂದಿನ ಕಾಲದ ಹೆಂಗಸರಿಗೆ ಒಂದು ಕ್ರಮವಿತ್ತು: ಕುರ್‌ಆನ್ ಬಿಡಿಸಿಟ್ಟು ಒಂದೊಂದೇ ಸಾಲಿನ ಕೆಳಗೆ ಬೆರಳಾಡಿಸುತ್ತ, ಸಾಲಿಗೊಮ್ಮೆ ‘ಬಿಸ್ಮಿಲ್ಲಾಹ್’ ಹೇಳುವುದು. ಪುಟ ಮುಗಿದರೆ ಪುಟ ಮಗುಚುವುದು. ಮಾಮಿ ಓದುತ್ತಿದ್ದುದು ಹಾಗೆ. ನಾನು ಅದನ್ನು ಓದು ಎಂದು ಯಾವತ್ತೂ ತಿಳಿದಿರಲಿಲ್ಲ.

ವರ್ಷಕ್ಕೊಮ್ಮೆ ಉಪ್ಪನ ಅಪ್ಪ, ನನ್ನ ಅಜ್ಜ, ತೀರಿಹೋದ ದಿನ, ಅವರ ಹೆಸರಿನಲ್ಲಿ ಕುರ್‌ಆನ್ ಪೂರ್ತಿ ಓದಿಸಿ ನೆಂಟರಿಗೆ ತುಪ್ಪದನ್ನ ಹಾಕುವುದು ಮನೆಯ ಕ್ರಮ. ಕುರ್‌ಆನಿನ ಮೂವತ್ತು ಭಾಗಗಳನ್ನು ಮೂವತ್ತು ತೆಳು ಪುಸ್ತಕಗಳಾಗಿ ಅಚ್ಚುಹಾಕಿದ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ವಾರ ಮೊದಲೇ ಉಮ್ಮ ಅದನ್ನು ಮನೆಮಂದಿಗೆ ಹಂಚುತ್ತಿದ್ದಳು. ಯಾರಿಗೆ ಎಷ್ಟೇ ಬರಲಿ, ಇಪ್ಪತ್ತೆರಡನೆಯದು ಮಾಮಿಯ ಪಾಲು. ಏಕೆ ಅದೇ ಎಂದು ಯಾರಿಗೂ ಗೊತ್ತಿರಲಿಲ್ಲ; ಅವರಿಗೂ ಗೊತ್ತಿರಲಿಲ್ಲವೇನೋ. ಓದಿದ ಮೇಲೆ ಪುಸ್ತಕಗಳೆಲ್ಲ ಮತ್ತೆ ಪೆಟ್ಟಿಗೆಗೆ. ಆ ದಿನ ಮದ್ರಸದಲ್ಲಿ ಕಲಿಸುವ ಉಸ್ತಾದರು ಬಂದು, ಪೆಟ್ಟಿಗೆ ಮುಂದಿಟ್ಟುಕೊಂಡು, ‘ಮೂವತ್ತೂ ಆಯಿತಾ?’ ಎಂದು ಕೇಳುತ್ತಾರೆ. ಮನೆಯ ಯಜಮಾನ ‘ಆಯಿತು’ ಎನ್ನುತ್ತಾನೆ. ಆಮೇಲೆ ಪ್ರಾರ್ಥನೆ, ಆಮೇಲೆ ಊಟ. ಇದಿಷ್ಟು ಯಾವ ತಕರಾರೂ ಇಲ್ಲದೆ ವರ್ಷ ವರ್ಷ ನಡೆದುಕೊಂಡು ಬಂದಿತ್ತು.

ನನಗೆ ಹನ್ನೊಂದು ತುಂಬಿದ ವರ್ಷ ಚಾವಡಿಯಲ್ಲಿ ಹೆಚ್ಚು ಜನ. ಕೊನೆಯ ಪಂಕ್ತಿಗೆ ತನ್ನನ್ನು ಕೂರಿಸುತ್ತಿದ್ದವರನ್ನೂ ಉಪ್ಪ ಹಟ ಹಿಡಿದು ಕರೆದಿದ್ದರು. ನಾನು ಹೆಂಗಸರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಉಸ್ತಾದರು ಎಂದಿನಂತೆ ಕೇಳಿದರು. ಉಪ್ಪ ಬಾಯಿ ತೆರೆಯುವ ಮೊದಲೇ ನನ್ನ ಸ್ವರ ಕೇಳಿಸಿತು.

“ಇಲ್ಲ ಉಸ್ತಾದ್. ಇಪ್ಪತ್ತೊಂಬತ್ತೇ ಆದದ್ದು. ಮಾಮಿದು ಲೆಕ್ಕಕ್ಕಿಲ್ಲ. ಅವರಿಗೆ ಓದ್ಲಿಕ್ಕೆ ಬರುದಿಲ್ಲ, ಬರೀ ಬೆರಳು ಇಡುದು.”

ಯಾರೋ ನಕ್ಕರು. ಉಸ್ತಾದರು ಉಪ್ಪನ ಮುಖ ನೋಡಿದರು. ನನ್ನ ಮಾತಿಗೆ ಎರಡು ಬಿಗಿದು ಒಳಗೆ ಕಳಿಸುವುದು ಅಪ್ಪನಾದವನ ಕೆಲಸ. ಉಪ್ಪ ಹಾಗೆ ಮಾಡಲಿಲ್ಲ. ಅವರ ಮುಖ ಅರಳಿತು.

“ನೋಡಿ, ಉಸ್ತಾದ್‌ಗೆ ಗೊತ್ತಾಗದ್ದು ನನ್ನ ಮಗಳಿಗೆ ಗೊತ್ತಾಯ್ತು. ಜೋಹರಾ, ತೆಗಿ ಆ ಪುಸ್ತಕ. ಇಲ್ಲೇ ಓದಿ ಮುಗಿಸು.”

ನಾನು ಓದಿದೆ. ಇಪ್ಪತ್ತೆರಡನೆಯ ಭಾಗವನ್ನು ಮೊದಲಿನಿಂದ ಕೊನೆಯವರೆಗೆ, ಹಸಿದು ಕೂತ ಅಷ್ಟು ಜನರ ಮುಂದೆ, ರಾಗವಾಗಿ ಓದಿದೆ. ಒಂದು ಸಾಲನ್ನೂ ಬೇಗ ಓದಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾಮಿ ಸ್ವಲ್ಪ ಹೊತ್ತು ಕೇಳಿ, ಹಿತ್ತಲಿನ ಶೆಡ್ಡಿಗೆ ಹೋದರು. ಊಟಕ್ಕೆ ಬರಲಿಲ್ಲ. ಆ ದಿನದಿಂದ ಅವರು ಕುರ್‌ಆನ್ ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಬೆಳಗ್ಗೆ ಕುರ್‌ಆನ್ ಬಿಡಿಸಿಕೊಂಡು ಐದು ನಿಮಿಷ ಕೂರುತ್ತಿದ್ದ ಜಾಗದಲ್ಲಿ ಕೂರುವುದನ್ನೂ ಬಿಟ್ಟರು. ಮನೆಯಲ್ಲಿ ಯಾರೂ ಕೇಳಲಿಲ್ಲ. ಉಮ್ಮ ಕೇಳಲಿಲ್ಲ. ಉಪ್ಪನಿಗಂತೂ ಅದು ಗೊತ್ತೇ ಆಗಲಿಲ್ಲ. ಇಡೀ ಮನೆಯೇ ಸೇರಿ ಒಬ್ಬ ಹೆಂಗಸಿನ ಕೈಯಿಂದ ಅವಳ ದೇವರ ಪುಸ್ತಕ ಕಿತ್ತುಕೊಂಡಿತು, ಆಮೇಲೆ ಕೈತೊಳೆದು ತುಪ್ಪದನ್ನ ಉಂಡಿತು. ಅದರಲ್ಲಿ ಎರಡು ಸಲ ಬಡಿಸಿಕೊಂಡವಳು ನಾನು. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ.

ಅದಾಗಿ ಕೆಲವು ತಿಂಗಳಿಗೆ ಉಮ್ಮನ ಅಪ್ಪ, ಸಂಪಾಜೆ ಅಜ್ಜ, ಕಣ್ಣಿನ ಪೊರೆ ತೆಗೆಸಲು ಪುತ್ತೂರಿಗೆ ಬಂದರು. ಆಗೆಲ್ಲ ಆಪರೇಶನ್ ಆದ ಮೇಲೆ ತಿಂಗಳುಗಟ್ಟಲೆ ಕಣ್ಣು ಕಾಯಬೇಕಿತ್ತು. ಚಾವಡಿಯ ಪಕ್ಕದ ಕೋಣೆಯಲ್ಲಿ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದರು. ಘಟ್ಟದ ಬುಡದ ತಮ್ಮೂರಿನ ಮದ್ರಸದಲ್ಲಿ ಕಲಿಸುತ್ತಿದ್ದು, ಆ ಕೆಲಸ ಬಿಟ್ಟವರು. ಸಾಧು ಎಂದು ತಿಳಿಯಬೇಡಿ, ಮಹಾ ಮುಂಗೋಪಿ. ಚಾಯಕ್ಕೆ ಸಕ್ಕರೆ ಕಡಿಮೆಯಾದರೆ ಲೋಟ ಕುಕ್ಕುತ್ತಿದ್ದರು, ಹೆಚ್ಚಾದರೂ ಕುಕ್ಕುತ್ತಿದ್ದರು. ಓದಲಾಗದೆ ಚಡಪಡಿಸುತ್ತಿದ್ದರು. ಸಾಯಂಕಾಲದ ನಮಾಜಿಗೆ ಮೊದಲು ಅವರಿಗೆ ಕುರ್‌ಆನ್ ಓದಿ ಹೇಳುವ ಕೆಲಸ ನನಗೆ ಬಿತ್ತು. ನಾನು ಕುಣಿಯುತ್ತ ಹೋದೆ. ಹೊಸ ಕಿವಿಯೊಂದು ಸಿಕ್ಕಿತಲ್ಲ. ಮೊದಲ ದಿನ ಒಂದು ಪುಟ ಓದಿ, ಹೊಗಳಿಕೆ ಬೀಳಲೆಂದು ಕಾದೆ.

“ಈಗ ಎಂತ ಓದಿದೆ?”

“ಎರಡನೇ ಸೂರಾ, ಅಜ್ಜ.”

“ಅದು ನನಗೂ ಕೇಳ್ತದೆ, ಕಣ್ಣಿಗೆ ಬಟ್ಟೆ ಕಟ್ಟಿದ್ದು, ಕಿವಿಗೆ ಅಲ್ಲ. ಅದರಲ್ಲಿ ಎಂತ ಉಂಟು?”

ನನಗೆ ಗೊತ್ತಿರಲಿಲ್ಲ. ಒಂದು ಪದದ ಅರ್ಥವೂ ಗೊತ್ತಿರಲಿಲ್ಲ. ನಮಗೆ ಯಾರೂ ಕಲಿಸಿರಲಿಲ್ಲ, ಕೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ. ಅಜ್ಜ ‘ಹ್ಞೂಂ’ ಎಂದು ಗೋಡೆ ಕಡೆ ತಿರುಗಿದರು. ಮರುದಿನದಿಂದ ನಾನು ಓದಿದ್ದನ್ನು ಅವರು ನಮ್ಮ ಮಾತಿನಲ್ಲಿ ಬಿಡಿಸಿ ಹೇಳತೊಡಗಿದರು. ಹೀಗೆ ಒಂದು ದಿನ ಆದಮರ ಕತೆ ಬಂತು. ದೇವರು ಮಣ್ಣಿನಿಂದ ಆದಮರನ್ನು ಮಾಡಿ, ಅವರಿಗೆ ಎಲ್ಲದರ ಹೆಸರು ಕಲಿಸಿದ. ಮಲಕುಗಳನ್ನು, ಅಂದರೆ ತನ್ನ ಸನ್ನಿಧಿಯ ದೂತರನ್ನು ಕರೆದು ಆ ಹೆಸರು ಹೇಳಿ ಎಂದ. ನಮಗೆ ಗೊತ್ತಿಲ್ಲ ಎಂದರು. ಆದಮರು ಹೇಳಿದರು. ಆಗ ದೇವರ ಅಪ್ಪಣೆಯಂತೆ ಎಲ್ಲರೂ ಅವರಿಗೆ ತಲೆಬಾಗಿದರು. ಇಬ್ಲೀಸ, ಅಂದರೆ ಸೈತಾನ, ಒಬ್ಬ ಬಾಗಲಿಲ್ಲ. ನಾನು ಬೆಂಕಿಯಿಂದ ಆದವನು, ಇವನು ಮಣ್ಣಿನವನು, ಇವನಿಗಿಂತ ನಾನು ಮೇಲು ಎಂದ. ಅಲ್ಲಿಗೆ ನಿಲ್ಲಿಸಿ ಅಜ್ಜ ಕೇಳಿದರು:

“ಈ ಮಾತು ಯಾರದ್ದು?”

“ಇಬ್ಲೀಸಂದು.”

“ಅವ ಎಲ್ಲಿದ್ದಾನೆ?”

“ನರಕದಲ್ಲಿ.”

“ನರಕ ಎಲ್ಲಿ ಉಂಟು, ಸುಳ್ಯದಿಂದ ಆಚೆಯಾ? ಕಿತಾಬಿನ ಕತೆಯನ್ನು ಹೊರಗೆ ಹುಡುಕಿದ್ರೆ ಅದು ಬರೀ ಕತೆ ಮಾರಾಯ್ತಿ. ಆದಮರೂ ಒಳಗೆ, ಇಬ್ಲೀಸನೂ ಒಳಗೆ. ಓದುವಾಗ ಕಿವಿ ಒಳಗೆ ಇಡು. ‘ನಾನು ಮೇಲು’ ಅಂತ ಹೇಳಿದ ಸ್ವರ ಉಂಟಲ್ಲ, ಅದನ್ನು ನೀನು ಎಲ್ಲಿಯಾದ್ರೂ ಕೇಳಿದ್ದೀಯಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಜ್ಜನಿಗೆ ಚಾವಡಿಯ ಸಂಗತಿ ಯಾರೂ ಹೇಳಿರಲಿಲ್ಲ. ಆದರೂ ನನಗೆ ಕೇಳಿಸಿದ್ದು ಆ ಬಾಗಿಲಲ್ಲಿ ನಿಂತು ಹೇಳಿದ ನನ್ನದೇ ಮಾತು, ನನ್ನದೇ ಸ್ವರ, ಗಂಟಲಿನ ಅಕ್ಷರ ಗಂಟಲಿನಿಂದಲೇ ಬರುವ ಆ ಶುದ್ಧ ಸ್ವರ. ನನಗೆ ಮುದುಕನ ಮೇಲೆ ಅಸಾಧ್ಯ ಸಿಟ್ಟು ಬಂತು. ಪುಸ್ತಕ ಮುಚ್ಚಿ ಎದ್ದು ಹೋದೆ. ಮೂರು ದಿನ ಆ ಕೋಣೆಗೆ ಕಾಲಿಡಲಿಲ್ಲ. ನನ್ನಷ್ಟು ಚೆನ್ನಾಗಿ ಓದುವವರು ಈ ಊರಿನಲ್ಲಿ ಯಾರಿದ್ದಾರೆ ಎಂದು ಬಾವಿಕಟ್ಟೆಯಲ್ಲಿ ಕೂತು ಗೊಣಗಿದೆ. ಗೊಣಗಿದಷ್ಟೂ ಅದೇ ಸ್ವರ. ಬಾಯಿ ಮುಚ್ಚಿದರೆ ಒಳಗೆ ಇನ್ನೂ ಜೋರು. ನಾಲ್ಕನೆಯ ದಿನ ಹೋಗಿ, ನಡೆದದ್ದೆಲ್ಲ ಹೇಳಿ ಅತ್ತೆ. ಅಜ್ಜ ಸಮಾಧಾನ ಮಾಡಲಿಲ್ಲ.

“ಇಬ್ಲೀಸ ಓದದವ ಅಂತ ತಿಳ್ಕೊಂಡಿದ್ದೀಯಾ? ಅವನಷ್ಟು ಇಬಾದತ್ತು, ದೇವರ ಆರಾಧನೆ, ಮಾಡಿದವ ಇಲ್ಲ. ಅದೇ ಅವನ ತಲೆಗೆ ಏರಿದ್ದು. ನಾನು ಸಂಪಾಜೆ ಮದ್ರಸ ಯಾಕೆ ಬಿಟ್ಟೆ ಗೊತ್ತುಂಟಾ? ನನ್ನ ಹತ್ರ ಕಲಿತ ಹುಡುಗನನ್ನು ಇಮಾಮ್ ಮಾಡಿದ್ರು. ಅವನ ಹಿಂದೆ ನಿಂತು ನಮಾಜು ಮಾಡ್ಲಿಕ್ಕೆ ನನಗೆ ಆಗ್ಲಿಲ್ಲ. ಒಂದು ವರ್ಷ ಮನೆಯಲ್ಲಿ ಒಬ್ಬನೇ ನಮಾಜು ಮಾಡಿದೆ. ದೇವರಿಗಾಗಿ ಅಂತ ಹೇಳ್ಕೊಂಡು ಮಾಡಿದೆ, ಥೂ.”

“ಮಾಮಿ ಹತ್ರ ತಪ್ಪಾಯ್ತು ಅಂತ ಕೇಳ್ಬೇಕಾ ಅಜ್ಜ?”

“ಕೇಳಿದ್ರೆ ಅವಳು ಹೊಟ್ಟೆಗೆ ಹಾಕ್ಕೊಳ್ಳೇಬೇಕು. ತಮ್ಮನ ಮನೆಯಲ್ಲಿ ಬಿದ್ದಿರುವವಳಿಗೆ ಬೇರೆ ಎಂತ ದಾರಿ ಉಂಟು? ಅದೂ ಒಂದು ಜಬರದಸ್ತಿಯೇ. ಅವಳು ಈಗ ಎಲ್ಲಿದ್ದಾಳೆ?”

“ಶೆಡ್ಡಿನಲ್ಲಿ, ಮೀನು ಹೆಕ್ತಾ.”

“ಹಾಗಾದ್ರೆ ಆದಮರು ಅಲ್ಲಿ ಕೂತಿದ್ದಾರೆ. ಮಲಕುಗಳು ಮೊದಲು ಎಂತ ಹೇಳಿದ್ರು? ‘ನಮಗೆ ಗೊತ್ತಿಲ್ಲ.’ ತಲೆ ಬಾಗುದು ಅಂದ್ರೆ ಅದೇ. ಹೋಗು, ಹೆಸರು ಕೇಳು.”

ಒಣಮೀನು ಇಸ್ಮಾಯಿಲನ ಮಗಳಿಗೆ ಬಂಗುಡೆ ಬಿಟ್ಟರೆ ಇನ್ನೊಂದು ಮೀನಿನ ಹೆಸರು ಬರುತ್ತಿರಲಿಲ್ಲ. ಆ ಶೆಡ್ಡಿಗೆ ನಾನು ಹೋದದ್ದೇ ಕಡಿಮೆ. ಹೋದರೂ ಮೂಗಿಗೆ ತಲೆಬಟ್ಟೆಯ ತುದಿ. ಅಂದು ಹೋಗಿ ಮಾಮಿಯ ಎದುರು ಕೂತು, ಕೈಗೆ ಸಿಕ್ಕಿದ ಚಪ್ಪಟೆ ಮೀನೊಂದನ್ನು ಎತ್ತಿ, ಇದರ ಹೆಸರೆಂತ ಎಂದು ಕೇಳಿದೆ. ಮಾಮಿ ತಲೆಯೆತ್ತಲಿಲ್ಲ. ಎರಡನೆಯ ಸಲ ಕೇಳಿದಾಗ, ‘ನಂಗ್’ ಎಂದರು. ಅಷ್ಟೇ. ಮರುದಿನ ಪಾಂಬೊಲ್, ತೊರಕೆ. ಅದರ ಮರುದಿನ, ‘ಎಳೆಯ ತಾಟೆ ಯಾವುದು, ಬಲಿತದ್ದು ಯಾವುದು ಹೇಳು’ ಎಂದು ಪರೀಕ್ಷೆ. ತಪ್ಪು ಹೇಳಿದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಬೊಳಿಂಜೀರ್ ಎಂಬ ಪುಟ್ಟ ಮೀನುಗಳನ್ನು ಮುಷ್ಟಿಯಲ್ಲಿ ಹಿಡಿದು ಅಲುಗಿಸಿ, ಸದ್ದು ಕೇಳಿಯೇ ಎಷ್ಟು ಬಿಸಿಲು ಕಂಡಿದೆ ಎಂದು ಅವರು ಹೇಳುತ್ತಿದ್ದರು. ಮೂಸಿ ನೋಡಿ, ಹಳೆಯ ಉಪ್ಪೋ ಹೊಸ ಉಪ್ಪೋ ಎಂದು ಹೇಳುತ್ತಿದ್ದರು. ಉಪ್ಪನ ವ್ಯಾಪಾರ ನಿಂತಿದ್ದುದು ಈ ಮೂಗಿನ ಮೇಲೆ ಎಂದು ನನಗೆ ಆಗ ಗೊತ್ತಾಯಿತು. ನನ್ನ ಬೆರಳಿಗೆ ಮೀನಿನ ಮುಳ್ಳು ಹೊಕ್ಕು ಕೀವು ಕಟ್ಟಿದಾಗ ಸುಣ್ಣ ಅರಿಶಿನ ಕಲಸಿ ಕಟ್ಟಿದರು, ಆದರೆ ಮುಖ ಬಿಗಿದುಕೊಂಡೇ ಇತ್ತು. ಅಜ್ಜ ಕಣ್ಣು ಬಂದು ಸಂಪಾಜೆಗೆ ಹೋದ ಮೇಲೂ ನಾನು ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ.

“ಮಾಮಿ, ಈ ವರ್ಷ ನಿಮ್ಮ ಪುಸ್ತಕ ಓದುದಿಲ್ವಾ?”

“ನಾನು ಓದಿದ್ರೆ ನಿನ್ನ ಉಪ್ಪನ ಮರ್ಯಾದೆ ಹೋಗ್ತದೆ. ಆ ಗೋಣಿ ಇತ್ತ ಎಳಿ.”

ಉಪ್ಪನ ಅಪ್ಪ ತೀರಿಹೋದ ದಿನ ಮತ್ತೆ ಬಂತು. ಇಪ್ಪತ್ತೆರಡನೆಯ ಪುಸ್ತಕ ಉಪ್ಪನ ಅಪ್ಪಣೆಯಂತೆ ನನ್ನ ಪಾಲಿಗೆ. ಒಟ್ಟು ಎಂಟು ನನಗೇ. ಚಾವಡಿ ತುಂಬಿತು. ಮಾಮಿ ಅಡುಗೆಮನೆಯಲ್ಲಿದ್ದರು. ಉಸ್ತಾದರು ಪೆಟ್ಟಿಗೆ ಮುಂದಿಟ್ಟು, ‘ಮೂವತ್ತೂ ಆಯಿತಾ?’ ಎಂದರು.

“ಆಯಿತು ಉಸ್ತಾದ್. ಈ ಸಲ ಒಂದು ತಪ್ಪೂ ಇಲ್ಲ. ಎಂಟು ಭಾಗ ನನ್ನ ಮಗಳೇ ಓದಿದ್ದು.”

ನಾನು ಹೆಂಗಸರ ಕೋಣೆಯ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಉಪ್ಪ, ನನಗೂ ಓದ್ಲಿಕ್ಕೆ ಬರುದಿಲ್ಲ.”

“ಎಂತ?”

“ಬೇರೆಯವರು ಹೇಳದೆ ಒಂದು ಸಾಲಿನ ಅರ್ಥವೂ ನನಗೆ ಗೊತ್ತಾಗುದಿಲ್ಲ. ಬರೀ ಸ್ವರ ಮಾಡುದು. ಮಾಮಿದು ಲೆಕ್ಕಕ್ಕಿಲ್ಲ ಅಂತಾದ್ರೆ ನಂದೂ ಇಲ್ಲ. ಎಂಟು ತೆಗೀರಿ.”

ಉಪ್ಪ ಎದ್ದು ಬಂದರು. ಕೈ ಎತ್ತಿದ್ದು ನೆನಪಿದೆ. ಆ ಕೈಯನ್ನು ಹಿಡಿದದ್ದು ಮಾಮಿ. ಅನ್ನದ ಸೌಟು ಹಿಡಿದುಕೊಂಡೇ ಒಳಗಿನಿಂದ ಬಂದಿದ್ದರು. ಗಂಡಸರ ಮುಂದೆ ಎಂದೂ ಸ್ವರ ಎತ್ತದ ಹೆಂಗಸು ಅಂದು ಇಡೀ ಚಾವಡಿಗೆ ಕೇಳುವಂತೆ ಮಾತಾಡಿದರು.

“ಅವಳಿಗೆ ಹೊಡೀಬೇಡ. ನನಗೆ ಯಾಕೆ ಓದ್ಲಿಕ್ಕೆ ಬರುದಿಲ್ಲ ಅಂತ ಇವರಿಗೆ ಹೇಳು ಇಸ್ಮಾಲಿ. ನಿನಗೆ ಕಾಲು ನೋವು ಅಂತ ದಿನಾ ಸೊಂಟದಲ್ಲಿ ಹೊತ್ತು ಮದ್ರಸದ ಬಾಗಿಲಿಗೆ ಬಿಟ್ಟದ್ದು ಯಾರು? ನೀನು ಒಳಗೆ ಹೋಗುದು, ನಾನು ವಾಪಸ್ ಬಂದು ಮೀನಿಗೆ ಉಪ್ಪು ಹಾಕುದು. ಒಂದು ದಿನ ನಾನೂ ಕೂತ್ಕೊಳ್ತೇನೆ ಅಂದದ್ದಕ್ಕೆ ನಮ್ಮ ಬಾಪ ಎಂತ ಹೇಳಿದ್ರು? ನಿನಗೆ ನೆನಪುಂಟು. ಹೇಳು.”

ಉಪ್ಪನ ಕೈ ಕೆಳಗಿಳಿಯಿತು. ಉಸ್ತಾದರು ಕೆಮ್ಮಿ, ಆದದ್ದಾಯಿತು, ದೇವರು ಮನಸ್ಸಿನ ನಿಯ್ಯತ್ತು ನೋಡುವವನು, ಪ್ರಾರ್ಥನೆ ಮಾಡುವ ಎಂದರು. ಮಾಮಿ ಸೌಟನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆಯ ಹತ್ತಿರ ಹೋಗಿ, ತನ್ನ ಇಪ್ಪತ್ತೆರಡನೆಯ ಪುಸ್ತಕವನ್ನು ತೆಗೆದರು. ಅಕ್ಷರ ಬಾರದಿದ್ದರೂ ಮೂವತ್ತರ ನಡುವೆ ಅದನ್ನು ಒಂದೇ ಸಲಕ್ಕೆ ಹೇಗೆ ಕಂಡುಹಿಡಿದರು ಎಂದು ನನಗೆ ಈಗಲೂ ತಿಳಿಯದು.

“ನಾನು ಓದಿ ಆಗ್ಲಿ, ಆಮೇಲೆ ದುಆ ಮಾಡಿ. ಅದುವರೆಗೆ ಯಾರೂ ಏಳ್ಬೇಡಿ.”

ಯಾರೂ ಏಳಲಿಲ್ಲ. ಹೆಂಗಸರ ಕೋಣೆಗೂ ಚಾವಡಿಗೂ ನಡುವಿನ ಹೊಸ್ತಿಲಲ್ಲೇ ಮಾಮಿ ಕೂತರು. ಒಂದೊಂದು ಸಾಲಿಗೂ ಬೆರಳು, ಒಂದೊಂದು ಸಾಲಿಗೂ ದೇವರ ಹೆಸರು. ಮುನ್ನೂರು ಸಾಲು. ಊರಿನ ದೊಡ್ಡವರೆಲ್ಲ ಹಸಿದುಕೊಂಡು, ಒಡೆದ ಬೆರಳಿನ ಹೆಂಗಸು ಪುಟ ಮಗುಚುವುದನ್ನು ಕಾಯುತ್ತ ಕೂತರು. ಉಪ್ಪ ಗಾಜಿನ ಕಪಾಟಿಗೆ ಒರಗಿ ನೆಲಕ್ಕೆ ಕೂತಿದ್ದರು. ಅವರು ಅಳುತ್ತಿದ್ದರೋ, ಅವಮಾನ ನುಂಗುತ್ತಿದ್ದರೋ ಹೇಳಲಾರೆ. ಆಮೇಲೆ ಅವರು ಅಕ್ಕನ ಹತ್ತಿರ ಆ ಮಾತು ಎತ್ತಲೇ ಇಲ್ಲ, ಸಾಯುವವರೆಗೂ. ಅದಕ್ಕಾಗಿ ಅವರನ್ನು ನಾನು ಪೂರ್ತಿ ಮನ್ನಿಸಿಲ್ಲ.

ಆ ಹೊತ್ತಿಗೆ ನನ್ನ ಎದೆ ಹಗುರಾಗಬೇಕಿತ್ತು. ಸೌಟು ಹಿಡಿದು ನಿಂತು ಮಾಮಿಯ ಬೆರಳು ನೋಡುತ್ತಿದ್ದೆ. ಆಗ ನನ್ನ ಒಳಗಿನಿಂದ ಎದ್ದ ಮೊದಲ ಮಾತು, ಇವರನ್ನು ಇಲ್ಲಿ ಕೂರಿಸಿದ್ದು ನಾನು, ಎಂದು. ನಾನು ಹಾಗೆ ಹೇಳದಿದ್ದರೆ ಇದು ನಡೆಯುತ್ತಿತ್ತೆ, ನನ್ನ ಹಾಗೆ ತಲೆಬಾಗಿದವರು ಈ ಊರಿನಲ್ಲಿ ಇನ್ನು ಯಾರಿದ್ದಾರೆ, ಎಂದು. ಅದೇ ಸ್ವರ, ಅಷ್ಟೇ ಶುದ್ಧ, ಒಂದು ಕೂದಲೆಳೆಯಷ್ಟೂ ಮಾಸಿರಲಿಲ್ಲ. ಉಪ್ಪನ ಮೇಲೆ, ನಕ್ಕವರ ಮೇಲೆ, ಮದ್ರಸದ ಮೇಲೆ ಅಲ್ಲಿಯವರೆಗೆ ಬಂದಿದ್ದ ಸಿಟ್ಟೆಲ್ಲ ಏನೂ ಅಲ್ಲ ಎನಿಸುವಂಥ ಸಿಟ್ಟು ನನಗೆ ಆ ಸ್ವರದ ಮೇಲೆ ಬಂತು. ನನಗೀಗ ಅರವತ್ತು ದಾಟಿದೆ. ಪುತ್ತೂರಿನಲ್ಲಿ ಹೆಂಗಸರು ಸೇರಿದಾಗ ಓದಿ ಅರ್ಥ ಹೇಳಲು ನನ್ನನ್ನು ಕರೆಯುತ್ತಾರೆ, ಚೆನ್ನಾಗಿ ಹೇಳಿದಿರಿ ಎನ್ನುತ್ತಾರೆ, ಆ ಸ್ವರ ತಕ್ಷಣ ಒಳಗೆ ಎದ್ದು ಕೂರುತ್ತದೆ. ಅದರ ಮೇಲಿನ ಆ ಸಿಟ್ಟೊಂದನ್ನು ಮಾತ್ರ ಇಳಿಸಬೇಡ ಎಂದು ನಾನು ದಿನವೂ ದೇವರಲ್ಲಿ ಬೇಡುತ್ತೇನೆ.